ಘಾಟಿಯಲ್ಲಿ ಎಣಿಕೆ ತಪ್ಪಿದ ಕಾರು

ಅದಲ್ಲ ಅಪೇಕ್ಷಾ, ಕಾರಿನ ಬಣ್ಣದಿಂದ ಶುರು ಮಾಡಬೇಡ. ಬಣ್ಣ ಯಾವುದಾದರೇನು, ಗಾದಿಗನೂರಿನ ಕಡೆ ಒಂದು ವಾರ ಓಡಾಡಿದರೆ ಅದಿರಿನ ಧೂಳಿಗೆ ಎಲ್ಲ ಕಾರೂ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತವೆ. ಮೌನೇಶನ ಕಾಲಿನಿಂದ ಶುರು ಮಾಡು. ಅವನ ಕಾಲಿನ ವಿಷಯ ಗೊತ್ತಿಲ್ಲದವರಿಗೆ, ಆ ಹಳೇ ಕಾರಿಗಾಗಿ ಅವನು ಅಷ್ಟು ಒದ್ದಾಡಿದ್ದು ಹುಚ್ಚು ಅಂತಲೇ ಕಾಣುತ್ತದೆ.

ಬರೆದುಕೊಂಡೆಯಾ? ನಿನ್ನ ಅಜ್ಜಿ ಸುತ್ತಿ ಬಳಸಿ ಹೇಳುವವಳು, ನಿನ್ನ ಕೈ ನೋಯುತ್ತದೆ. ನೋಯಲಿ. ನಿನ್ನ ವಯಸ್ಸಿನಲ್ಲಿ ನಾನು ದಿನಕ್ಕೆ ಅರವತ್ತು ಹುಡುಗರ ಪಾಟಿ ತಿದ್ದುತ್ತಿದ್ದೆ.

ಗಾದಿಗನೂರಿನ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಕಲಿಸಿದೆ. ಹೊಸಪೇಟೆಯಿಂದ ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಮೌನೇಶ ನಾಲ್ಕನೇ ಕ್ಲಾಸಿನಲ್ಲಿ ನನ್ನ ಕೈಯಲ್ಲಿದ್ದ. ಮಗ್ಗಿ ಹೇಳಲು ಎಬ್ಬಿಸಿದರೆ ಹದಿನಾರರವರೆಗೆ ಸರಿಯಾಗಿ ಹೇಳಿ, "ಉಳದಿದ್ದು ನಾಳಿ ಹೇಳ್ತೀನ್ರಿ ಅಕ್ಕೋರ" ಎಂದು ತಾನೇ ಕುಳಿತುಬಿಡುತ್ತಿದ್ದ. ಅವನ ತಾಯಿ ಹುಲುಗಮ್ಮ ಆಮೇಲಾಮೇಲೆ ಅದಿರಿನ ಕೆಲಸಕ್ಕೆ ಹೋದಳು. ಹೊಲಹೊಲದಲ್ಲೂ ಮಣ್ಣು ಜರಡಿ ಹಿಡಿದು ಅದಿರು ಆರಿಸುತ್ತಿದ್ದ ಕಾಲ ಅದು. ಸಂಜೆ ಬರುವಾಗ ಅವಳ ಕಣ್ಣರೆಪ್ಪೆಯ ಮೇಲೂ ಕೆಂಪು ಪುಡಿ ಇರುತ್ತಿತ್ತು. ಅವಳ ಹೆಸರನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಮೌನೇಶ ದೊಡ್ಡವನಾಗಿ ಲಾರಿ ರಿಪೇರಿಗೆ ಸೇರಿದ. ಇಪ್ಪತ್ತನೇ ವಯಸ್ಸಿನಲ್ಲಿ ಒಂದು ಲಾರಿಯ ಕೆಳಗೆ ಮಲಗಿ ಕೆಲಸ ಮಾಡುವಾಗ ಜಾಕು ಜಾರಿತು. ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಆಸ್ಪತ್ರೆಗೆ ನೋಡಲು ಹೋದಾಗ ನಾನು ಅಳುತ್ತಾ ಕುಳಿತರೆ ಅವನೇ ನನಗೆ ಹೇಳಿದ್ದು: "ಅಕ್ಕೋರ, ಇನ್ನ ಮಗ್ಗಿ ಹೇಳಾಕ ಎಬ್ಬಸಬ್ಯಾಡ್ರಿ." ಏನು ಹೇಳಬೇಕು ಇಂಥವನಿಗೆ.

ಕುಳಿತು ಮಾಡುವ ಕೆಲಸ ಯಾವುದು ಎಂದು ಹುಡುಕಿ ಅವನು ಕರೆಂಟಿನ ಕೆಲಸ ಕಲಿತ. ಪಂಪ್‌ಸೆಟ್ಟಿನ ಸ್ಟಾರ್ಟರು, ಪ್ಯಾನಲ್ಲು, ಒಳಗಿನ ಸಣ್ಣ ಸಣ್ಣ ಬೋರ್ಡುಗಳು. ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ, ನೀನು ಚಿಕ್ಕಂದಿನಲ್ಲಿ ಅಲ್ಲಿ ತಂತಿ ಆರಿಸಿ ಬಳೆ ಮಾಡಿಕೊಳ್ಳುತ್ತಿದ್ದೆ. ಆದರೆ ಕೆಲಸ ಅಂಗಡಿಗೆ ಬರುವುದಿಲ್ಲ, ಕೆಲಸ ಇರುವುದು ಕಂಪ್ಲಿ ಎಮ್ಮಿಗನೂರಿನ ಗದ್ದೆಗಳಲ್ಲಿ. ಒಂದು ಕಾಲು ಒಂದು ಊರುಗೋಲು ಇಟ್ಟುಕೊಂಡು, ಉಪಕರಣದ ಚೀಲ ಹೊತ್ತು, ಬಸ್ಸು ಹತ್ತಿ ಇಳಿದು ಬದುವಿನ ಮೇಲೆ ನಡೆಯುವುದು ಆಗುವ ಮಾತೇ? ಅದಕ್ಕೇ ಆ ಕಾರು ಬಂದದ್ದು.

ಸೆಕೆಂಡ್ ಹ್ಯಾಂಡ್ ಕಾರು, ಎರಡು ಸಾವಿರದ ಐದರ ಮಾಡೆಲ್ಲು. ಬಲಗೈಗೆ ಒಂದು ಕಬ್ಬಿಣದ ಹಿಡಿಕೆ ಕೂರಿಸಿದ್ದಾರೆ. ಎಳೆದರೆ ಓಡುತ್ತದೆ, ಒತ್ತಿದರೆ ನಿಲ್ಲುತ್ತದೆ. ಎಡಗಾಲಿಗೆ ಕ್ಲಚ್ಚು. ಎಡಗೈಗೆ ಸ್ಟಿಯರಿಂಗೂ ಗೇರೂ. ಕೈಯಲ್ಲಿ ಓಡಿಸುವ ಗಾಡಿ ಎಂದು ಅದರ ಕಾಗದದಲ್ಲೂ ಬರೆಸಿಯಾಗಿದೆ. ಹನ್ನೆರಡು ವರ್ಷ ಅದೇ ಅವನ ಕಾಲು. ಇನ್ನೊಂದು ಕಾರು ಕೊಂಡು, ಅದಕ್ಕೂ ಹಿಡಿಕೆ ಕೂರಿಸಿ, ಅದಕ್ಕೂ ಕಾಗದ ಮಾಡಿಸುವಷ್ಟು ಶಕ್ತಿ ಅವನಿಗಿಲ್ಲ. ಇಷ್ಟು ತಿಳಿದುಕೋ, ಸಾಕು.

ಈ ಸಲ ನಾಟಿಯ ಹೊತ್ತಿಗೆ ಎಮ್ಮಿಗನೂರಿನಲ್ಲಿ ಒಂದು ಗದ್ದೆಯ ಪಕ್ಕ ಕಾರು ನಿಲ್ಲಿಸಿ ಅವನು ಪಂಪಿನ ಹತ್ತಿರ ಕುಳಿತಿದ್ದ. ಬದು ಒಡೆದು ನೀರು ಕಾರಿನ ಒಳಗೆ ನುಗ್ಗಿತು. ಕಾಲಿಡುವ ಜಾಗದ ಕಾರ್ಪೆಟ್ಟಿನ ಹಿಂದೆ ಊಟದ ಡಬ್ಬಿಯಷ್ಟು ಒಂದು ಪೆಟ್ಟಿಗೆ ಇರುತ್ತದೆ, ಅದು ಎಂಜಿನ್ನಿನ ಕಂಪ್ಯೂಟರು. ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹೊತ್ತಿಸಬೇಕು ಎಂದು ಲೆಕ್ಕ ಹಾಕುವುದು ಅದೇ. ಅದು ಸತ್ತಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದರು.

ಇದೇ ಹೊತ್ತಿಗೆ ಇನ್ನೊಂದು ಕಂಟಕ. ಕಾರಿನ ಕಾಗದದ ಗಡುವು ಮುಗಿಯಲು ಹದಿನೆಂಟೇ ದಿನ ಇತ್ತು. ಇಪ್ಪತ್ತು ವರ್ಷದ ಗಾಡಿ, ಆರ್‌ಟಿಓ ಆಫೀಸಿಗೆ ಓಡಿಸಿಕೊಂಡು ಹೋಗಿ ತೋರಿಸಬೇಕು. ಹೊಗೆ ನೋಡುತ್ತಾರೆ, ಬ್ರೇಕು ನೋಡುತ್ತಾರೆ. ಗಡುವು ಮುಗಿಯುವ ಸೋಮವಾರವೇ ಬಾ ಎಂದು ದಿನ ಕೊಟ್ಟಿದ್ದರು. ಅಂದು ಎಂಜಿನ್ನು ನಿಂತರೆ ಕಾರು ರಸ್ತೆಗಿಳಿಯುವಂತಿಲ್ಲ. ಗುಜರಿ ಯಲ್ಲೇಶನಿಗೆ ಇದು ಹೇಗೋ ಗೊತ್ತಾಗಿ, ದಿನಾ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೋಗುತ್ತಿದ್ದ.

"ಮೌನೇಶಣ್ಣ, ತೂಕಕ್ಕ ಹಾಕೂನಾ?"

"ನಿನ್ನ ಹಾಕ್ತೀನಿ ಮೊದ್ಲ. ನೀನೂ ಸ್ವಲ್ಪ ತುಕ್ಕು ಹಿಡದಿ."

ಕೆಟ್ಟವನಲ್ಲ ಯಲ್ಲೇಶ. ತನ್ನ ಗುಜರಿಯಿಂದ ಅಂಥದೇ ಕಾರಿನ ಒಂದು ಪೆಟ್ಟಿಗೆ ತಂದುಕೊಟ್ಟ. ಕೂರಿಸಿದರೆ ಎಂಜಿನ್ನು ಉಸಿರೆತ್ತಲಿಲ್ಲ. ಆ ಪೆಟ್ಟಿಗೆ ತನ್ನ ಹಳೆಯ ಕಾರಿನ ಕೀಲಿಯನ್ನು ಬಿಟ್ಟರೆ ಬೇರೆ ಕೀಲಿಗೆ ಒಪ್ಪುವುದಿಲ್ಲವಂತೆ. ಮನೆನಾಯಿ ಇದ್ದ ಹಾಗೆ. "ಆ ಕೀಲಿ ಎಲ್ಲಿಂದ ತರ್ಲಣ್ಣ" ಎಂದ ಯಲ್ಲೇಶ, "ಅದರ ಮಾಲೀಕ ಸತ್ತು ಐದು ವರ್ಷ ಆತು."

ಆವತ್ತು ಮೌನೇಶ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದ: "ಅಕ್ಕೋರ, ಹೊಸಾ ಪೆಟಿಗಿ ಮಾಡೂದ ಬಿಟ್ಟಾರಂತ. ಹಳೇದಕ್ಕ ಕೀಲಿ ಒಪ್ಪಂಗಿಲ್ಲ. ಒಂದ ದಾರಿ ಉಳೀತು. ನಾನ ಮಾಡ್ಕೋಬೇಕು."

"ಬರ್ತದೇನಪ್ಪಾ ನಿನಗ?"

"ಪಂಪಿನ ಪ್ಯಾನಲ್ ಮಾಡ್ತೀನಲ್ರಿ, ಇದೂ ಅಂಥಾದ್ದ. ಭಾಳ ಜಲ್ದಿ ಲೆಕ್ಕ ಮಾಡ್ಬೇಕು, ಅಷ್ಟ."

"ಹದಿನಾರರ ಮ್ಯಾಲಿನ ಮಗ್ಗಿ ಬರ್ತಾವೇನು?"

"ಅವನ್ನ ಅದ ಹೇಳ್ತೈತ್ರಿ. ನಾ ಹೇಳೂದು ಬ್ಯಾಡ."

ಕಾಲೇಜು ಹುಡುಗರು ಆಟಕ್ಕೆ ಕೊಳ್ಳುವಂಥ ಒಂದು ಸಣ್ಣ ಕಂಪ್ಯೂಟರ್ ಬೋರ್ಡು ತರಿಸಿದ. ಅದರ ಮೇಲೆ ಕೂರುವ ಇನ್ನೊಂದು ಬೋರ್ಡಿನ ನಕ್ಷೆಯನ್ನು ಜಗತ್ತಿನ ಯಾರೋ ಪುಣ್ಯಾತ್ಮರು ಎಲ್ಲರಿಗೂ ಬಿಟ್ಟಿ ಕೊಟ್ಟಿದ್ದಾರಂತೆ. ಎಲ್ಲ ಸೇರಿ ನಿನ್ನ ಫೋನಿನ ಅರ್ಧ ಬೆಲೆ ಆಗಲಿಲ್ಲ. ಸತ್ತ ಪೆಟ್ಟಿಗೆಯ ಹೊಟ್ಟೆ ತೆಗೆದು, ಅದರ ಚಿಪ್ಪು, ಅದರ ಪ್ಲಗ್ಗು ಮಾತ್ರ ಉಳಿಸಿಕೊಂಡು ಒಳಗೆ ಹೊಸ ಬೋರ್ಡು ಕೂರಿಸಿದ. ಕಾರಿನ ಒಂದು ತಂತಿಯನ್ನೂ ಕತ್ತರಿಸಲಿಲ್ಲ, ಹಳೆಯ ಜಾಗಕ್ಕೇ ಹೋಗಿ ಕೂರುತ್ತದೆ. ಒಂಬತ್ತು ದಿನ ನಮ್ಮ ಮುಂದಿನ ಕೋಣೆಯಲ್ಲಿ ಬೆಸುಗೆಯ ವಾಸನೆ. ದೇವರ ಮನೆಯವರೆಗೂ ಬರುತ್ತದೆ ಎಂದು ನಿನ್ನ ಅಜ್ಜ ಗೊಣಗಿದ್ದೇ ಗೊಣಗಿದ್ದು.

ಆ ಪೆಟ್ಟಿಗೆಗೆ ಎಂಜಿನ್ನು ಎಲ್ಲಿಗೆ ತಿರುಗಿದೆ ಎಂದು ಹೇಗೆ ಗೊತ್ತಾಗುತ್ತದೆ, ಕೇಳು, ಇದು ನನಗೆ ಬಹಳ ಹಿಡಿಸಿತು. ಎಂಜಿನ್ನಿನ ಬುಡದಲ್ಲಿ ಒಂದು ಹಲ್ಲಿನ ಚಕ್ರ. ಮೂವತ್ತೈದು ಹಲ್ಲು, ಮೂವತ್ತಾರನೆಯದರ ಜಾಗ ಖಾಲಿ. ಪಕ್ಕದಲ್ಲಿ ಹೆಬ್ಬೆರಳಿನಷ್ಟು ಒಂದು ಸೆನ್ಸರು, ಅದರ ತುದಿಯಲ್ಲಿ ಅಯಸ್ಕಾಂತ. ಒಂದೊಂದು ಹಲ್ಲು ಹಾದುಹೋದಾಗಲೂ ಅದು ಒಂದೊಂದು ಎಣಿಸುತ್ತದೆ, ಖಾಲಿ ಜಾಗ ಬಂದಾಗ ಒಂದು ಸುತ್ತು ಆಯಿತು ಎಂದು ತಿಳಿಯುತ್ತದೆ. ನಮ್ಮ ಜಪಮಣಿಯ ಮೇರುಮಣಿ ಇದೆಯಲ್ಲ, ಹಾಗೆಯೇ. ಕಣ್ಣು ಮುಚ್ಚಿದ್ದರೂ ಬೆರಳಿಗೆ ಮೇರು ಸಿಕ್ಕರೆ ಸುತ್ತು ಮುಗಿಯಿತು ಎಂದು ಗೊತ್ತಾಗುತ್ತದೆ. ನಡುವೆ ಇಲ್ಲದ ಮಣಿಯನ್ನು ಎಣಿಸಿದರೆ ಎಲ್ಲ ಹೋಯಿತು.

ಆ ಸೆನ್ಸರನ್ನು ಅವನು ಬಿಚ್ಚಿ, ಒರೆಸಿ, ತುದಿಗೆ ಒಳ್ಳೆಯ ಗ್ರೀಸು ಬಳಿದು ಮತ್ತೆ ಕೂರಿಸಿದ. ನಾನು ಕಣ್ಣಾರೆ ನೋಡಿದೆ. ಈ ಕಡೆಯ ಲಾರಿ ಫಿಟ್ಟರುಗಳು ಹಾಗೆಯೇ, ತೆರೆದ ಜಾಗ ಕಂಡಲ್ಲೆಲ್ಲ ಗ್ರೀಸು ಬಳಿಯುತ್ತಾರೆ, ಕೆಂಪು ಧೂಳು ಒಳಗೆ ಹೋಗಬಾರದು ಎಂದು. ಅವನ ಕೈಗೆ ಅದು ಅಭ್ಯಾಸ.

ಬುಧವಾರ ಎಂಜಿನ್ನು ಶುರುವಾಯಿತು. ಮೊದಲ ಸಲ ಕೆಮ್ಮಿತು, ಎರಡನೇ ಸಲ ಸೀನಿತು, ಮೂರನೇ ಸಲಕ್ಕೆ ಹಿಡಿದುಕೊಂಡಿತು. ಯಲ್ಲೇಶ ಪ್ರದಕ್ಷಿಣೆ ಅರ್ಧಕ್ಕೆ ನಿಲ್ಲಿಸಿ ಮನೆಗೆ ಹೋದ.

ಆದರೆ ನಿಂತ ಕಾರು ಗುನುಗುಟ್ಟಿದರೆ ಆಗಲಿಲ್ಲ. ಸಪಾಟು ರಸ್ತೆಗೆ ಎಷ್ಟು ಪೆಟ್ರೋಲು, ಏರಿಗೆ ಎಷ್ಟು ಎಂದು ಓಡಿಸುತ್ತಲೇ ಆ ಪೆಟ್ಟಿಗೆಗೆ ಕಲಿಸಬೇಕಂತೆ. ಏರು ಎಂದರೆ ಸಂಡೂರಿನ ಘಾಟಿ. ಲ್ಯಾಪ್‌ಟಾಪಿನಲ್ಲಿ ಬರುವ ಅಂಕಿಯನ್ನು ಯಾರಾದರೂ ಓದಿ ಹೇಳಬೇಕು. ಅವನ ಬಲಗೈ ಹಿಡಿಕೆಗೆ, ಎಡಗೈ ಸ್ಟಿಯರಿಂಗಿಗೆ, ಕಣ್ಣು ರಸ್ತೆಗೆ.

"ನಾ ಓದ್ತೀನಿ" ಅಂದೆ.

ನಿನ್ನ ಅಜ್ಜ ಪೇಪರಿನ ಹಿಂದಿನಿಂದ ಹೇಳಿದರು: "ಗೋದಾ, ಎಪ್ಪತ್ತೆರಡಕ್ಕ ಕ್ಲೀನರ್ ಕೆಲಸಕ್ಕ ಸೇರಿದ್ಯೇನು?"

"ಮೂವತ್ತು ವರ್ಷ ಅಂಕಿ ತಿದ್ದೀನಿ. ನಿಮ್ಮಂಗ ಆಫೀಸಿನಾಗ ಕೂತು ಡ್ಯಾಮಿನ ನೀರು ಎಣಿಸಿಲ್ಲ."

ಗುರುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟೆವು. ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ, ನನ್ನ ಮಡಿಲಲ್ಲಿ ಒಂದು ತಲೆದಿಂಬು, ಅದರ ಮೇಲೆ ಅವನ ಹಳೇ ಲ್ಯಾಪ್‌ಟಾಪು. ಅದರ ಬ್ಯಾಟರಿ ಸತ್ತು ವರ್ಷಗಳಾಗಿದ್ದವು, ಕಾರಿನಿಂದಲೇ ಕರೆಂಟು ಕೊಟ್ಟಿದ್ದ. ತೆರೆಯ ನಡುವೆ ಒಂದು ದೊಡ್ಡ ಅಂಕಿ, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂಬ ಲೆಕ್ಕವಂತೆ. ಸುತ್ತ ಇನ್ನೂ ಹತ್ತೆಂಟು ಅಂಕಿ ಕುಣಿಯುತ್ತಿದ್ದವು.

"ನಡುವಿಂದು ಒಂದ ಓದ್ರಿ ಅಕ್ಕೋರ. ಉಳದಿದ್ದು ನೋಡಬ್ಯಾಡ್ರಿ, ತಲಿ ಕೆಡ್ತೈತಿ. ಸಪಾಟಿಗೆ ಹದಿನಾಲ್ಕೂವರಿ ಆಸುಪಾಸು, ಏರಿಗೆ ಹದಿಮೂರು. ಹದಿನಾರು ದಾಟಿದ್ರ ಜೋರು ಹೇಳ್ರಿ."

ಊರು ದಾಟುವವರೆಗೆ ನಾನು ಪಂಚಾಂಗ ಓದಿದ ಹಾಗೆ ಓದಿದೆ. ಹದಿನಾಲ್ಕು ಪಾಯಿಂಟ್ ಏಳು, ಹದಿನಾಲ್ಕು ಪಾಯಿಂಟ್ ಐದು. ಅದಿರಿನ ಲಾರಿಗಳು ಒಂದರ ಹಿಂದೆ ಒಂದು. ಕಿಟಕಿ ಏರಿಸಿದರೆ ಸೆಖೆ, ಇಳಿಸಿದರೆ ಬಾಯೊಳಗೆ ಧೂಳು. ಏರು ಶುರುವಾಯಿತು. ಹದಿಮೂರು ಪಾಯಿಂಟ್ ನಾಲ್ಕು, ಹದಿಮೂರು ಪಾಯಿಂಟ್ ಒಂದು. "ಭೇಷ್" ಎಂದ ಮೌನೇಶ, ಅಂಕಿಗೋ ನನಗೋ ಗೊತ್ತಿಲ್ಲ.

ಆಗ ತೆರೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದು ಸಣ್ಣ ಅಂಕಿ ಕಂಡಿತು. ಮನೆ ಬಿಟ್ಟಾಗಿನಿಂದ ಸೊನ್ನೆ ಇದ್ದದ್ದು ಒಂದಾಯಿತು. ಸ್ವಲ್ಪ ಹೊತ್ತಿಗೆ ನಾಲ್ಕಾಯಿತು. ಆಮೇಲೆ ಒಂಬತ್ತು. ನಾನು ಹೇಳಲಿಲ್ಲ ಅಪೇಕ್ಷಾ. ನಡುವಿನದು ಮಾತ್ರ ಓದು ಎಂದಿದ್ದನಲ್ಲ. ನನ್ನ ಪಾಟಿ ನಾನು ನೋಡಬೇಕು, ಪಕ್ಕದ ಪಾಟಿ ನೋಡಬಾರದು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿ ಹೇಳಿ, ಅದೇ ಬುದ್ಧಿ ನನಗೂ ಅಂಟಿಕೊಂಡಿತ್ತು.

ಮೂರನೇ ತಿರುವಿನಲ್ಲಿ ಎಂಜಿನ್ನು ಒಮ್ಮೆ ಕುಲುಕಿತು. ಎರಡನೇ ಸಲ ಕುಲುಕಿತು. ಆಮೇಲೆ ಸದ್ದೇ ಇಲ್ಲ. ಹಿಂದಿನ ಲಾರಿಯ ಹಾರನ್ನು ಮಾತ್ರ.

ಮತ್ತೆ ಶುರು ಮಾಡೋಣ ಎಂದು ಅವನು ಕ್ಲಚ್ಚು ಒತ್ತಿದ. ಕೀಲಿ ತಿರುಗಿಸಿದ. ಲ್ಯಾಪ್‌ಟಾಪು ಕಪ್ಪಾಯಿತು. ಎಂಜಿನ್ನು ಹಿಡಿಯಲಿಲ್ಲ, ಕಾರು ಹಿಂದಕ್ಕೆ ಜಾರತೊಡಗಿತು. ಅವನು ಹಿಡಿಕೆ ಒತ್ತಿದ. ಎಂಜಿನ್ನು ಸತ್ತ ಮೇಲೆ ಬ್ರೇಕಿನ ಬಲ ಎರಡು ಮೂರು ಸಲಕ್ಕೆ ಮುಗಿದುಹೋಗುತ್ತದಂತೆ, ಆಮೇಲೆ ಅದು ಕಲ್ಲಿನ ಹಾಗೆ. ಕಾಲಿದ್ದವರು ಮೈಭಾರ ಹಾಕಿ ತುಳಿಯುತ್ತಾರೆ. ಅವನಿಗೆ ಇದ್ದದ್ದು ಒಂದು ಕೈ. ಸ್ಟಿಯರಿಂಗು ಬಿಟ್ಟು ಎರಡನೇ ಕೈಯನ್ನೂ ಹಿಡಿಕೆಗೇ ಹಾಕಿದ. ಅವನ ಕತ್ತಿನ ನರ ಹಗ್ಗದ ಹಾಗೆ ಎದ್ದಿತು. ಕಾರು ಇನ್ನೂ ಜಾರುತ್ತಿತ್ತು. ಕನ್ನಡಿಯಲ್ಲಿ ಲಾರಿಯ ಮೂತಿ ದೊಡ್ಡದಾಗುತ್ತಿತ್ತು.

"ಅಕ್ಕೋರ, ಸೀಟಿನ ನಡುವ ಇನ್ನೊಂದು ಹಿಡಿಕಿ ಐತಿ, ಹ್ಯಾಂಡ್‌ಬ್ರೇಕು. ಮ್ಯಾಲಕ್ಕ ಎಳೀರಿ."

ದನಿ ಏರಿಸಲಿಲ್ಲ ಅವನು. ಊಟಕ್ಕೆ ನೀರು ಕೇಳಿದ ಹಾಗೆ ಕೇಳಿದ. ನಾನು ಸೈಕಲ್ಲೂ ಹೊಡೆದವಳಲ್ಲ. ದಿಂಬು, ಲ್ಯಾಪ್‌ಟಾಪು, ಚಿತ್ರಾನ್ನ ಎಲ್ಲ ಕಾಲ ಕೆಳಗೆ ಹೋಯಿತು. ಎರಡೂ ಕೈಯಲ್ಲಿ ಎಳೆದೆ. ಬಾವಿಯಿಂದ ಕೊಡ ಎಳೆದ ಹಾಗೆ, ಹಿಂದಕ್ಕೆ ಒರಗಿ ಎಳೆದೆ. ಕಟಕಟ ಎಂದು ಸದ್ದಾಯಿತು. ಕಾರು ನಿಂತಿತು.

ಲಾರಿಗೂ ನಮಗೂ ಒಂದು ಮಂಚದಷ್ಟು ಜಾಗ ಉಳಿದಿತ್ತು.

ಲಾರಿಯವನು ಇಳಿದು ಬೈಯುತ್ತಲೇ ಬಂದ. "ಏನವ್ವಾ, ಇಂಥಾ ಡಬ್ಬಿ ತಗೊಂಡು ಘಾಟಿ ಹತ್ತಸ್ತೀರಲ್ಲ, ಜೀವದ ಮ್ಯಾಲ ಆಸಿ ಇಲ್ಲೇನು?" ಎಂದು ಕಿಟಕಿಯಲ್ಲಿ ಬಗ್ಗಿದವನು ಹಿಡಿಕೆ ನೋಡಿದ, ಮಡಿಸಿ ಪಿನ್ನು ಹಾಕಿದ ಪ್ಯಾಂಟಿನ ಬಲಗಾಲು ನೋಡಿದ. ಬೈಗುಳ ಅಲ್ಲಿಗೇ ನಿಂತಿತು. ಹೋಗಿ ಒಂದು ದೊಡ್ಡ ಕಲ್ಲು ತಂದು ಹಿಂದಿನ ಚಕ್ರಕ್ಕೆ ಕೊಟ್ಟ. ಹಿಂದೆ ನಿಂತವರೆಲ್ಲ ಹಾರನ್ನು ಹೊಡೆದರೆ, "ತಡೀರಲೇ, ಹೆರಿಗಿಗೆ ಹೊಂಟೀರೇನು" ಎಂದು ಅವರನ್ನೂ ಸುಮ್ಮನಾಗಿಸಿದ. ಅವನ ಹೆಸರು ಕೇಳಲು ಮರೆತೆ, ಅದೊಂದು ಕೊರಗು ನನಗೆ.

ಅರ್ಧ ಗಂಟೆಗೆ ಎಂಜಿನ್ನು ಶುರುವಾಯಿತು. ಲಾರಿಯವನೇ ಮುಂದೆ ನಿಂತು ಕಾರು ತಿರುಗಿಸಿ ಕೊಟ್ಟ. ಇಳಿಜಾರು ಮೆಲ್ಲಗೆ ಬಂದೆವು. ಮೌನೇಶನ ಎರಡೂ ಅಂಗೈ ಬೊಬ್ಬೆ ಎದ್ದಿದ್ದವು. ದಾರಿಯುದ್ದಕ್ಕೂ ಅವನು ಒಂದೇ ಮಾತು ಆಡಿದ್ದು: "ನಿಮ್ಮನ್ನ ಕರ್ಕೊಂಡು ಹೋಗಬಾರದಿತ್ರಿ."

ಶುಕ್ರವಾರ, ಶನಿವಾರ ಅವನು ಪೆಟ್ಟಿಗೆಯ ಮುಂದೆಯೇ ಕುಳಿತ. ಘಾಟಿಯಲ್ಲಿ ಲ್ಯಾಪ್‌ಟಾಪು ಬರೆದಿಟ್ಟುಕೊಳ್ಳುತ್ತಿದ್ದದ್ದೆಲ್ಲ ಕರೆಂಟು ಹೋದಾಗ ಅಳಿಸಿಹೋಗಿತ್ತು. ಪೆಟ್ರೋಲಿನ ಲೆಕ್ಕ ತಪ್ಪಿದೆ ಎಂದು ಅಂಕಿ ತಿದ್ದಿದ. ಬೆಸುಗೆ ಬಿಟ್ಟಿದೆ ಎಂದು ಮತ್ತೆ ಬೆಸೆದ. ನಿಂತಲ್ಲಿ ಎಂಜಿನ್ನು ಚೆನ್ನಾಗಿಯೇ ಇರುತ್ತಿತ್ತು. ಹಿಡಿಕೆ ಜೋರಾಗಿ ಎಳೆದು ನೋಡಿದರೆ ಕುಲುಕಿ ಸಾಯುತ್ತಿತ್ತು, ಅವನ ಕಣ್ಣೂ ನಡುವಿನ ಅಂಕಿಯ ಮೇಲೇ ಇತ್ತು. ಬ್ರೇಕು ಪರೀಕ್ಷೆಯಲ್ಲಿ ಹೀಗೆ ಸತ್ತರೆ ಮುಗಿಯಿತು. ಶನಿವಾರ ಮಧ್ಯಾಹ್ನ ಯಲ್ಲೇಶ ಬಂದವನು ಪ್ರದಕ್ಷಿಣೆ ಹಾಕಲಿಲ್ಲ. ತೂಕದ ಮಾತೂ ಆಡಲಿಲ್ಲ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಸುಮ್ಮನೆ ಕುಳಿತು ಎದ್ದುಹೋದ. ಅದನ್ನು ನೋಡಿ ನನಗೆ ಘಾಟಿಯಲ್ಲಿ ಆದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಭಾನುವಾರ ಮುಂಜಾನೆ ಮೌನೇಶ ಕಾರನ್ನು ಕುಂಟಿಸಿಕೊಂಡು ಗಾದಿಗನೂರಿಗೆ ಒಯ್ಯುತ್ತೇನೆ, ಮನೆಯ ಮುಂದೆ ಎರಡು ದಿನ ನಿಲ್ಲಲಿ, ಮಂಗಳವಾರ ಯಲ್ಲೇಶ ಅಲ್ಲಿಂದಲೇ ಗುಜರಿಗೆ ಎತ್ತಿಕೊಂಡು ಹೋಗಲಿ ಎಂದ. ನಾನೂ ಹತ್ತಿ ಕುಳಿತೆ. ಏಕೆ ಎಂದು ಕೇಳಬೇಡ, ಸತ್ತವರ ಮನೆಗೆ ಹೋಗುವಾಗ ಯಾರನ್ನೂ ಒಬ್ಬರನ್ನೇ ಕಳಿಸಬಾರದು ಎನ್ನಿಸಿತು.

ಹುಲುಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಬರ್ರಿ ಅಕ್ಕೋರ, ಕುಂದ್ರಿ. ನಮ್ಮ ಮನಿ ರೊಟ್ಟಿ ನೀವು ಉಣ್ಣಂಗಿಲ್ಲ ಅಂತ ಗೊತ್ತೈತಿ, ಮಜ್ಜಿಗಿ ಕುಡೀರಿ" ಎಂದಳು. ನಾನು ರೊಟ್ಟಿಯನ್ನೂ ತಿಂದೆ. ನಿನ್ನ ಅಜ್ಜನಿಗೆ ಹೇಳಬೇಡ. ಅಥವಾ ಹೇಳು, ಬರೆದುಬಿಡು, ಈ ವಯಸ್ಸಿಗೆ ಇನ್ನೇನು.

ರೊಟ್ಟಿ ತಿನ್ನುತ್ತಾ ನನಗೆ ತಡೆಯಲಾಗಲಿಲ್ಲ. "ಮೌನೇಶಪ್ಪಾ, ಒಂದು ಮಾತು. ಮೂಲಿಯೊಳಗ ಒಂದು ಸಣ್ಣ ಅಂಕಿ ಇತ್ತು. ಸೊನ್ನಿ ಇದ್ದದ್ದು ಒಂಬತ್ತಾತು. ಕಾರು ಸಾಯೂಕಿಂತ ಮೊದಲ."

ಅವನು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡ. "ಯಾವ ಮೂಲಿ?"

"ಬಲಗಡೆ, ಕೆಳಗ."

"ಅದು ಎಣಿಕಿ ತಪ್ಪಿದ್ದರ ಲೆಕ್ಕ ಅಕ್ಕೋರ. ಹಲ್ಲಿನ ಎಣಿಕಿ." "ಮೊದಲ ಯಾಕ ಹೇಳಲಿಲ್ರಿ?"

"ನೀ ನಡುವಿಂದು ಓದು ಅಂದಿ."

ನಾನು ಅತ್ತೆನೋ ಏನೋ, ಅದು ಬೇಡ. ಅವನು ಬೈಯಲಿಲ್ಲ. ಎಂಜಿನ್ನು ಆರುವವರೆಗೂ ಕಾದು, ಕಾರಿನ ಕೆಳಗೆ ತೆವಳಿ ಸೆನ್ಸರನ್ನು ಬಿಚ್ಚಿ ತಂದ. ತುದಿಯಲ್ಲಿ ಕರಿಗೆಂಪು ಗ್ರೀಸಿನ ಮುದ್ದೆ. ಅವನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ, ಈ ಕಡೆಯ ಗ್ರೀಸೆಲ್ಲ ಇರುವುದೇ ಹಾಗೆ. ಒರೆಸಲು ಬಟ್ಟೆ ಹುಡುಕುತ್ತಿದ್ದ. ಹುಲುಗಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಅದನ್ನು ಕಸಿದುಕೊಂಡು ಬಿಸಿಲಿಗೆ ಹಿಡಿದಳು.

"ಲೇ, ಇದಕ್ಕ ಮಾಲು ಹತ್ತೈತಿ."

ಮಾಲು ಎಂದರೆ ಅವಳ ಬಾಯಲ್ಲಿ ಅದಿರು. ಒಳಗೆ ಹೋಗಿ ಜಂತಿಯ ಸಂದಿಯಿಂದ ಒಂದು ಉಂಗುರದಂಥ ಅಯಸ್ಕಾಂತ ತಂದಳು, ಹಳೇ ಸ್ಪೀಕರಿನದು, ದಾರ ಕಟ್ಟಿದ್ದು. ಜರಡಿ ಕೆಲಸದ ದಿನಗಳಲ್ಲಿ ಹೆಂಗಸರ ಸೊಂಟದಲ್ಲಿ ಇಂಥದೊಂದು ಇರುತ್ತಿತ್ತಂತೆ, ಪುಡಿಯಲ್ಲಿ ಆಡಿಸಿ ಎಷ್ಟು ಅಂಟುತ್ತದೆ ಎಂದು ನೋಡಲು. ಅದನ್ನು ಗ್ರೀಸಿನ ಹತ್ತಿರ ತಂದಳು. ಮುದ್ದೆಯ ಮೈಮೇಲೆ ಸಣ್ಣ ಸಣ್ಣ ಮುಳ್ಳು ಎದ್ದು ನಿಂತವು, ಬೆಕ್ಕಿನ ಬೆನ್ನಿನ ಕೂದಲು ನಿಂತ ಹಾಗೆ. ಚಕ್ರಕ್ಕೆ ತಾಗುವಷ್ಟು ಉದ್ದ.

"ಅಯಸ್ಕಾಂತಕ್ಕ ಗ್ರೀಸ್ ಹಚ್ಚಿ ಅದಿರಿನ ರಸ್ತೆಗೆ ಬಿಟ್ರ ಹುಡಿ ಹಿಡೀದ ಇರ್ತೈತೇನಲೇ? ಓದಿದಾವ ನೀನು. ನಾವು ಗ್ರೀಸಿನ ಕೈಲೆ ಇದನ್ನ ಮುಟ್ಟಿದ್ರ ಮೇಸ್ತ್ರಿ ಬೈತಿದ್ದ."

ಹಲ್ಲಿಲ್ಲದ ಕಡೆ ಈ ಮುಳ್ಳುಗಳು ಅಲುಗಾಡಿದ್ದನ್ನು ಪೆಟ್ಟಿಗೆ ಹಲ್ಲು ಎಂದು ಎಣಿಸಿತ್ತು. ಬೋರ್ಡು ಸರಿಯಿತ್ತು, ಬೆಸುಗೆ ಸರಿಯಿತ್ತು. ಎಣಿಕೆ ತಪ್ಪಿಸಿದ್ದು ಮೌನೇಶ ತಾನೇ ಕಾಳಜಿಯಿಂದ ಬಳಿದ ಗ್ರೀಸು.

ಒರೆಸಿದರೆ ಹುಡಿ ಜಾಗ ಬದಲಿಸುತ್ತದೆ ಹೊರತು ಹೋಗುವುದಿಲ್ಲ. ಹುಲುಗಮ್ಮ ಮೊದಲು ಸೀಮೆಎಣ್ಣೆಯಲ್ಲಿ ಗ್ರೀಸು ತೊಳೆಸಿದಳು. ಆಮೇಲೆ ರೊಟ್ಟಿ ಹಿಟ್ಟಿನ ಒಂದು ಉಂಡೆ ಮಾಡಿ ತುದಿಗೆ ಒತ್ತಿ ಎತ್ತಿದಳು. ಹಿಟ್ಟಿನ ತುಂಬ ಕರಿ ಚುಕ್ಕೆ. ಇನ್ನೊಂದು ಉಂಡೆ, ಮತ್ತೊಂದು ಉಂಡೆ. ಏಳನೆಯದು ಬೆಳ್ಳಗೇ ಬಂತು. "ಏಳು ರೊಟ್ಟಿ ತಿಂತು ನಿನ್ನ ಕಾರು" ಎಂದಳು.

ಮಧ್ಯಾಹ್ನ ಗ್ರೀಸಿಲ್ಲದೆ ಸೆನ್ಸರು ಕೂರಿಸಿ ಅವನು ಘಾಟಿಗೆ ಹೊರಟ. ನಾನೂ ಹತ್ತಿ ಕುಳಿತೆ.

"ಬ್ಯಾಡ್ರಿ ಅಕ್ಕೋರ."

"ಈ ಸಲ ಎರಡೂ ಓದ್ತೀನಿ."

ಹುಲುಗಮ್ಮ ಹಿಂದಿನ ಸೀಟಿನಲ್ಲಿ ಕುಳಿತಳು, ಚಕ್ರಕ್ಕೆ ಕೊಡಲು ಕಾಲ ಬಳಿ ಒಂದು ಕಲ್ಲು ಇಟ್ಟುಕೊಂಡು. ಒಂದೊಂದು ಲಾರಿ ಎದುರು ಬಂದಾಗಲೂ ಅವಳು "ತಾಯಿ, ತಾಯಿ" ಎನ್ನುತ್ತಿದ್ದಳು. ನಾನು ಓದುತ್ತಿದ್ದೆ: ಹದಿಮೂರು ಪಾಯಿಂಟ್ ಎರಡು, ಮೂಲೆ ಸೊನ್ನೆ. ಹದಿಮೂರು, ಮೂಲೆ ಸೊನ್ನೆ. ಮೊದಲ ತಿರುವು. ಎರಡನೇ ತಿರುವು. ಹ್ಯಾಂಡ್‌ಬ್ರೇಕಿನ ಮೇಲೆ ನನ್ನ ಬಲಗೈ ಇತ್ತು, ಯಾರೂ ಇಡು ಎಂದಿರಲಿಲ್ಲ. ಓದುವುದು ಬಿಟ್ಟು ನಾನು ರಸ್ತೆ ನೋಡತೊಡಗಿದಾಗ ಮೌನೇಶ ಮೆಲ್ಲಗೆ, "ಓದ್ರಿ" ಎಂದ. ಮೂಲೆ ಸೊನ್ನೆ. ಮೂರನೇ ತಿರುವಿನಲ್ಲಿ ಲಾರಿಯವನು ಕೊಟ್ಟ ಆ ದೊಡ್ಡ ಕಲ್ಲು ರಸ್ತೆಯಂಚಿನಲ್ಲಿ ಹಾಗೇ ಬಿದ್ದಿತ್ತು. ಅದು ಕಿಟಕಿಯ ಪಕ್ಕದಲ್ಲಿ ಬಂತು. ಎಂಜಿನ್ನು ಕುಲುಕಲಿಲ್ಲ. ಕಲ್ಲು ಹಿಂದೆ ಹೋಯಿತು. ಮೂಲೆ ಸೊನ್ನೆ, ಮೂಲೆ ಸೊನ್ನೆ ಎಂದು ನಾನು ಘಾಟಿಯ ತುದಿಯವರೆಗೂ ಹೇಳಿದ್ದು, ಆ ದಿನದ ಜಪ ಅದೇ ಆಯಿತು.

ಸೋಮವಾರ ಆಫೀಸಿನ ಅಂಗಳದಲ್ಲಿ ನಾನು ಬೇಲಿಯ ಹೊರಗೆ ನಿಂತಿದ್ದೆ. ಅಧಿಕಾರಿ ಹೊಗೆ ನೋಡಿಸಿದರು, ಹಿಡಿಕೆ ಹಿಡಿದು ಅಲುಗಾಡಿಸಿದರು. ಓಡಿಸು ಎಂದರು, ಜೋರಾಗಿ ಓಡಿಸಿ ಒಮ್ಮೆಲೇ ನಿಲ್ಲಿಸು ಎಂದರು. ಕಾರು ನಿಂತಿತು. ಎಂಜಿನ್ನು ನಿಲ್ಲಲಿಲ್ಲ. ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಹಾಗೆಯೇ. ಅವರು ಕಾಗದದ ಮೇಲೆ ಏನೋ ಬರೆಯುವಾಗ ನಾನು ಕಣ್ಣು ಮುಚ್ಚಿದ್ದೆ. ಕಣ್ಣು ಬಿಟ್ಟರೆ ಮೌನೇಶ ಎದುರಿಗೆ ಕಾರು ತಂದು ನಿಲ್ಲಿಸಿ, "ಹತ್ರಿ ಅಕ್ಕೋರ, ಇನ್ನ ಐದು ವರ್ಷ ಕ್ಲೀನರ್ ನೀವ" ಎಂದ.

ಈಗ ಅವನು ಮೊದಲಿನ ಹಾಗೇ ಕಂಪ್ಲಿಯ ಕಡೆ ಓಡಾಡುತ್ತಾನೆ. ಪೆಟ್ರೋಲು ಕಡಿಮೆ ಕುಡಿಯುತ್ತದಂತೆ ಕಾರು. ಹೊಸ ಪೆಟ್ಟಿಗೆಯನ್ನು ಆಮೇಲೆ ಕಾಲಿನ ಹತ್ತಿರದಿಂದ ತೆಗೆದು ಸೀಟಿನ ಎತ್ತರಕ್ಕೆ ಏರಿಸಿದ್ದಾನೆ, ಗದ್ದೆಯ ನೀರು ತಾಗದ ಹಾಗೆ. ಪ್ರತಿ ಅಮಾವಾಸ್ಯೆಗೆ ಲಾರಿಯವರು ಗಾಡಿಗೆ ಕಾಯಿ ಒಡೆಯುವ ಹೊತ್ತಿಗೆ ಇವನು ಸೆನ್ಸರು ಬಿಚ್ಚಿ ಹಿಟ್ಟಿನ ಉಂಡೆ ಒತ್ತುತ್ತಾನೆ. ಯಲ್ಲೇಶ ತನ್ನ ಕೈಯಾರೆ ಒಂದು ಹಳೇ ಬ್ಯಾಟರಿ ತಂದು ಲ್ಯಾಪ್‌ಟಾಪಿಗೆ ಕೂರಿಸಿಕೊಟ್ಟ.

ಇನ್ನು ಪೆನ್ನು ಮುಚ್ಚು, ಒಂದು ಕೆಲಸ ಇದೆ. ಹುಲುಗಮ್ಮನ ಅಯಸ್ಕಾಂತ ಆವತ್ತು ನನ್ನ ಚೀಲಕ್ಕೆ ಸೇರಿದ್ದು ಇನ್ನೂ ಇಲ್ಲೇ ಉಳಿದಿದೆ, ಗೂಡಿನಲ್ಲಿ ಕರ್ಪೂರದ ಡಬ್ಬಿಯ ಹಿಂದೆ ನೋಡು. ನಾಡಿದ್ದು ಅಮಾವಾಸ್ಯೆ. ನಾಳೆ ಬಳ್ಳಾರಿ ಬಸ್ಸಿಗೆ ಹೋಗುವಾಗ ಗಾದಿಗನೂರಿನಲ್ಲಿ ಇಳಿದು ಅದನ್ನು ಅವಳ ಕೈಗೇ ಕೊಟ್ಟು ಬಾ, ಜೊತೆಗೆ ಅರ್ಧ ಸೇರು ಜೋಳದ ಹಿಟ್ಟು, ಕಾರಿನ ಉಂಡೆಗೆ ನಮ್ಮ ಪಾಲಿನದು ಎಂದು ಹೇಳು. ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳದಲ್ಲಿಡು, ಫೋನನ್ನು ಬೇರೆ ಕಡೆ ಇಟ್ಟುಕೋ.